ಹಿತ್ತಲ ಕೈತೋಟವೂ ಮನೆಗೋಳಿಯೂ: ತ್ಯಾವಣಿಗೆ ಸೀಮೆಯ ಗೃಹಸ್ಥರಿಗೆ ಕೆಲವು ಸೂಚನೆಗಳು

ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆಯ ಸುತ್ತಣ ಗ್ರಾಮಗಳು ಭದ್ರಾ ನಾಲೆಯ ನೀರಿನಿಂದ ಸಂಪನ್ನವಾದವುಗಳೆಂಬುದು ಸರ್ವರಿಗೂ ವಿದಿತವಾದ ವಿಷಯವೇ ಸರಿ. 1940ರ ದಶಕದಲ್ಲಿ ಆರಂಭಗೊಂಡು 1960ರ ದಶಕದಲ್ಲಿ ಮುಗಿದ ಲಕ್ಕವಳ್ಳಿಯ ಅಣೆಕಟ್ಟು ಈ ಸೀಮೆಯ ಬೇಸಾಯದ ಸ್ವರೂಪವನ್ನೇ ಬದಲಾಯಿಸಿತು. ಮಳೆಯನ್ನೇ ನಂಬಿ ರಾಗಿ ಜೋಳಗಳನ್ನು ಬಿತ್ತುತ್ತಿದ್ದ ಹೊಲಗಳು ಗದ್ದೆಗಳಾದುವು. ಆ ಗದ್ದೆಗಳಲ್ಲಿ ಅನೇಕವು ಈಚೆಗೆ ಅಡಕೆ ತೋಟಗಳಾಗಿವೆ. ನೀರು ಹತ್ತದ ದಿಣ್ಣೆಗಳಲ್ಲಿ ಮೆಕ್ಕೆಜೋಳವು ಬೆಳೆಯುತ್ತಿದೆ. ಭತ್ತವೂ ಅಡಕೆಯೂ ಮಾರಾಟಕ್ಕೆ ಹೋಗುವ ಈ ಗ್ರಾಮಗಳು ಬಡ ಗ್ರಾಮಗಳೆಂದು ಯಾರೂ ಹೇಳಲಾರರು.

ಆದರೆ ಇಂತಹ ಊರಿನ ಒಂದು ಸ್ಥಿತಿವಂತರ ಮನೆಯ ಅಡಿಗೆಮನೆಯನ್ನು ನೋಡಿದರೆ ಬೇರೊಂದು ಸಂಗತಿಯು ಗೋಚರವಾಗುವುದು. ಕಣಜದಲ್ಲಿ ಭತ್ತ ತುಂಬಿದೆ. ಬ್ಯಾಂಕಿನಲ್ಲಿ ಅಡಕೆಯ ಹಣವಿದೆ. ಆದರೆ ಒಂದು ಕಂತೆ ಕೊತ್ತಂಬರಿ ಸೊಪ್ಪಿಗೂ ನಾಲ್ಕು ಹಸಿಮೆಣಸಿನಕಾಯಿಗೂ ಮಗುವನ್ನು ಅಂಗಡಿಗೆ ಅಟ್ಟಬೇಕಾಗಿದೆ. ಊರಿನ ಹೊಲದ ಮೆಕ್ಕೆಜೋಳವು ಲಾರಿಗಳಲ್ಲಿ ಕೋಳಿ ಆಹಾರದ ಕಾರ್ಖಾನೆಗೆ ಹೋಗುತ್ತದೆ. ಅದೇ ಜೋಳವನ್ನು ತಿಂದ ಎಲ್ಲಿಯದೋ ಕೋಳಿಯ ಮೊಟ್ಟೆಯು ತಟ್ಟೆಗಳಲ್ಲಿ ಊರಿಗೆ ಹಿಂದಿರುಗುತ್ತದೆ. ಹೋಗುವಾಗ ಬಂದ ಬೆಲೆಗಿಂತ ಬರುವಾಗ ಕೊಡುವ ಬೆಲೆಯು ಹೆಚ್ಚೆಂಬುದನ್ನು ಲೆಕ್ಕ ಬಲ್ಲ ಯಜಮಾನರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದು ಹಣದ ಮಾತು ಮಾತ್ರವಲ್ಲ. 2019ರಲ್ಲಿ ಕರ್ನಾಟಕದಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಯೂ, 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 48 ಮಂದಿಯೂ ರಕ್ತಹೀನತೆಯುಳ್ಳವರೆಂದು ಕಂಡುಬಂದಿತು. ಹೊಟ್ಟೆ ತುಂಬ ಅನ್ನವಿರುವ ಮನೆಗಳೂ ಈ ಲೆಕ್ಕದ ಹೊರಗಿಲ್ಲ. ಅನ್ನವು ಹಸಿವನ್ನು ಅಡಗಿಸುತ್ತದೆಯೇ ಹೊರತು ಸೊಪ್ಪು, ಕಾಯಿ, ಬೇಳೆ, ಹಾಲು, ಮೊಟ್ಟೆಗಳ ಕೆಲಸವನ್ನು ಅದೊಂದೇ ಮಾಡಲಾರದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯಂತೆ ಒಬ್ಬ ವಯಸ್ಕನಿಗೆ ದಿನಕ್ಕೆ 400 ಗ್ರಾಂ ಕಾಯಿಪಲ್ಯವು ಬೇಕು. ಐದು ಜನರ ಮನೆಗೆ ಇದು ದಿನಕ್ಕೆ 2 ಕಿಲೋ, ತಿಂಗಳಿಗೆ 60 ಕಿಲೋ ಆಗುವುದು. ಇಷ್ಟನ್ನು ಪ್ರತಿ ತಿಂಗಳೂ ಕೊಂಡು ತರುವ ಮನೆಗಳು ವಿರಳ. ಅದರಲ್ಲಿ ಅರ್ಧವನ್ನಾದರೂ ಮನೆಯ ಹಿಂದಣ ನೆಲವು ಕೊಡುವಂತೆ ಮಾಡುವುದು ಅಸಾಧ್ಯವಾದ ಕೆಲಸವಲ್ಲ.

ಹಿತ್ತಲು ಬರಿದಾದುದೇಕೆ?

ಹಿಂದೆ ಹಿತ್ತಲಿಲ್ಲದ ಮನೆಯೇ ಇರಲಿಲ್ಲ. ಬಚ್ಚಲ ಮೋರಿಯ ಬಳಿ ಬಾಳೆ ಮತ್ತು ಕೆಸು, ಬೇಲಿಯ ಮೇಲೆ ಹೀರೆ ಮತ್ತು ಅವರೆ, ಮೂಲೆಯಲ್ಲಿ ನುಗ್ಗೆ ಮತ್ತು ಕರಿಬೇವು, ಇವುಗಳ ನಡುವೆ ಕೆದಕುತ್ತ ನಾಲ್ಕು ಕೋಳಿಗಳು, ಹೀಗೆ ಅದರ ಸಂಸಾರವು ನಡೆಯುತ್ತಿತ್ತು. ಅದು ಬರಿದಾದುದಕ್ಕೆ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು, ಅಡಕೆಯ ಬೆಲೆಯೇರಿದ ಮೇಲೆ ಹಿತ್ತಲಿನಲ್ಲಿಯೂ ಅಡಕೆ ಸಸಿಯನ್ನೇ ನೆಟ್ಟುದು. ಎರಡನೆಯದು, ಕೋಳಿಗೂ ಕೈತೋಟಕ್ಕೂ ಇರುವ ವೈರ. ಬಿತ್ತಿದ ಮಡಿಯನ್ನು ಕೋಳಿಯು ಒಂದೇ ಬೆಳಗಿನಲ್ಲಿ ಕೆದಕಿ ಹಾಳುಮಾಡುವುದು. ಪಕ್ಕದ ಮನೆಯ ಕೋಳಿಯಾದರೆ ಅದು ಜಗಳಕ್ಕೆ ಕಾರಣವಾಗುವುದು. ಪಟೇಲರಿದ್ದ ಕಾಲದಲ್ಲಿ ಚಾವಡಿಗೆ ಬರುತ್ತಿದ್ದ ಕೋಳಿ ಜಗಳಗಳು ಇಂದು ಊರ ಹಿರಿಯರ ಮುಂದೆ ಬರುತ್ತಿವೆ. ಜಗಳವು ಬೇಡವೆಂದು ಒಬ್ಬರು ಕೋಳಿಯನ್ನು ಬಿಡುತ್ತಾರೆ, ಇನ್ನೊಬ್ಬರು ಕೈತೋಟವನ್ನು ಬಿಡುತ್ತಾರೆ. ಮೂರನೆಯದು ಕೊಕ್ಕರೆ ರೋಗ. ವರ್ಷವಿಡೀ ಸಾಕಿದ ಕೋಳಿಗಳು ಒಂದು ವಾರದಲ್ಲಿ ಸತ್ತು ಗೂಡು ಖಾಲಿಯಾದುದನ್ನು ಕಂಡ ಗೃಹಿಣಿಯು ಮತ್ತೆ ಕೋಳಿ ಸಾಕುವ ಧೈರ್ಯ ಮಾಡುವುದಿಲ್ಲ.

ಮೊದಲನೆಯ ಕಾರಣಕ್ಕೆ ಮನೆಯ ಯಜಮಾನನ ಮನಸ್ಸೇ ಪರಿಹಾರ. ಎರಡನೆಯದಕ್ಕೆ ಒಂದು ಬೇಲಿಯು ಸಾಕು. ಮೂರನೆಯದು ಮಾತ್ರ ಒಂದು ಮನೆಯಿಂದ ಪರಿಹಾರವಾಗತಕ್ಕದ್ದಲ್ಲ. ಅದು ಇಡೀ ಊರಿನ ಕೆಲಸ. ಈ ಮೂರನ್ನೂ ಕ್ರಮವಾಗಿ ವಿವರಿಸಲಾಗುವುದು.

ಸ್ಥಳ ಮತ್ತು ನೀರು

ಒಂದು ಕುಟುಂಬಕ್ಕೆ ಎರಡರಿಂದ ಎರಡೂವರೆ ಗುಂಟೆಯ ಹಿತ್ತಲು ಧಾರಾಳವಾಯಿತು. ಒಂದು ಗುಂಟೆಯೆಂದರೆ 33 ಅಡಿ ಉದ್ದ 33 ಅಡಿ ಅಗಲದ ಚೌಕ. ಇಷ್ಟು ಸ್ಥಳದಲ್ಲಿ ಬೆಳೆಯುವ ಅಡಕೆಯ ಮರಗಳು ಸುಮಾರು ಮೂವತ್ತು. ಹತ್ತಾರು ಎಕರೆ ತೋಟವುಳ್ಳವರಿಗೆ ಇದು ದೊಡ್ಡ ನಷ್ಟವಲ್ಲ. ಸ್ಥಳವು ಕಡಮೆಯಿದ್ದವರು ಅರ್ಧ ಗುಂಟೆಯಲ್ಲಿಯೇ ಸೊಪ್ಪು, ಮೆಣಸಿನಕಾಯಿ, ಬದನೆಗಳನ್ನು ಬೆಳೆದುಕೊಳ್ಳಬಹುದು.

ಹಿತ್ತಲನ್ನು ಎರಡು ಪಾಲಾಗಿ ವಿಂಗಡಿಸತಕ್ಕದ್ದು. ಬಿಸಿಲು ಚೆನ್ನಾಗಿ ಬೀಳುವ ಪಾಲಿನಲ್ಲಿ ಕಾಯಿಪಲ್ಯದ ಮಡಿಗಳು. ಉಳಿದುದರಲ್ಲಿ ಬಾಳೆ, ನುಗ್ಗೆ, ಪರಂಗಿ, ಪೇರಲ, ನಿಂಬೆ, ಕರಿಬೇವುಗಳು. ಮರಗಳನ್ನು ಉತ್ತರ ದಿಕ್ಕಿನ ಅಂಚಿನಲ್ಲಿ ನೆಟ್ಟರೆ ಅವುಗಳ ನೆರಳು ವರ್ಷದ ಬಹುಭಾಗದಲ್ಲಿ ಮಡಿಗಳ ಮೇಲೆ ಬೀಳದು. ಗದ್ದೆಗಳಿಗೆ ಹತ್ತಿರವಾಗಿ ನೆಲವು ಸದಾ ಜವುಗಾಗಿರುವ ಮನೆಗಳಲ್ಲಿ ಮಡಿಗಳನ್ನು ಅರ್ಧ ಅಡಿಯಿಂದ ಒಂದು ಅಡಿಯವರೆಗೆ ಎತ್ತರಿಸತಕ್ಕದ್ದು. ಇಲ್ಲವಾದರೆ ಮೆಣಸಿನ ಗಿಡ, ಬದನೆ, ಹುರುಳಿಕಾಯಿಗಳ ಬೇರು ಕೊಳೆಯುವುದು.

ನಾಲೆಯು ನಿಂತ ಬೇಸಗೆಯ ದಿನಗಳಲ್ಲಿ ಹಿತ್ತಲನ್ನು ಉಳಿಸುವುದು ಬಚ್ಚಲ ನೀರು. ತಲೆಗೆ 20 ಲೀಟರಿನಂತೆ ಸ್ನಾನ ಮಾಡುವ ಐದು ಜನರ ಮನೆಯಲ್ಲಿ ದಿನಕ್ಕೆ 100 ಲೀಟರ್ ನೀರು ಮೋರಿಗೆ ಹರಿಯುತ್ತದೆ. ಬೇಸಗೆಯಲ್ಲಿ ಒಂದು ಚದರ ಮೀಟರ್ ಮಡಿಗೆ ನಿತ್ಯವೂ 4ರಿಂದ 5 ಲೀಟರ್ ಬೇಕೆಂದು ಇಟ್ಟುಕೊಂಡರೂ ಈ ನೀರಿನಿಂದ 20 ಚದರ ಮೀಟರಿಗೂ ಹೆಚ್ಚು ನೆಲವು ಹಸುರಾಗಿರಬಲ್ಲುದು. ಮೋರಿಯ ಬಾಯಲ್ಲಿ ಎರಡು ಅಡಿ ಆಳದ ಗುಂಡಿ ತೆಗೆದು ಜಲ್ಲಿಯನ್ನೂ ಮರಳನ್ನೂ ತುಂಬಿ, ಅದರ ಮೂಲಕ ಸೋಸಿ ಹರಿಯುವ ನೀರನ್ನು ಕಾಲುವೆಯಲ್ಲಿ ಬಾಳೆ, ಕೆಸು, ನುಗ್ಗೆ, ಪರಂಗಿಗಳ ಬುಡಕ್ಕೆ ತಿರುಗಿಸತಕ್ಕದ್ದು. ಸಾಬೂನು ಬೆರೆತ ಈ ನೀರನ್ನು ಎಲೆಗಳ ಮೇಲೆ ಎರಚಕೂಡದು. ಕೊತ್ತಂಬರಿ, ಮೂಲಂಗಿ, ಸೌತೆ ಮೊದಲಾದ ಹಸಿಯಾಗಿ ತಿನ್ನುವ ಬೆಳೆಗಳಿಗೆ ಬಾವಿಯ ಅಥವಾ ಕೊಳವೆಬಾವಿಯ ಶುದ್ಧವಾದ ನೀರನ್ನೇ ಕೊಡತಕ್ಕದ್ದು. ಮೋರಿಯ ನೀರು ಹೀಗೆ ಬಳಕೆಯಾದರೆ ಬೀದಿಯ ಕೊಚ್ಚೆಯೂ ಸೊಳ್ಳೆಯ ಕಾಟವೂ ಕಡಮೆಯಾಗುವುದೆಂಬುದು ಇನ್ನೊಂದು ಲಾಭ.

ಮಡಿಗಳು ಮತ್ತು ಬೆಳೆಗಳ ಸರದಿ

ನಾಲ್ಕು ಅಡಿ ಅಗಲ, ಇಪ್ಪತ್ತು ಅಡಿ ಉದ್ದದ ಮಡಿಗಳು ಅನುಕೂಲವಾದವು. ಇದಕ್ಕಿಂತ ಅಗಲವಾದರೆ ಕಳೆ ತೆಗೆಯುವಾಗ ಮಡಿಯೊಳಗೆ ಕಾಲಿಡಬೇಕಾಗುವುದು. ತುಳಿದ ಮಣ್ಣು ಗಟ್ಟಿಯಾಗುವುದು. ಇಂತಹ ಹತ್ತು ಹನ್ನೆರಡು ಮಡಿಗಳನ್ನು ಮಾಡಿಕೊಂಡು ಎಲ್ಲವನ್ನೂ ಒಂದೇ ದಿನ ಬಿತ್ತದೆ ಸರದಿಯ ಪ್ರಕಾರ ಬಿತ್ತುವುದೇ ಮುಖ್ಯವಾದ ಸಂಗತಿ. ಒಂದೇ ಸಲ ಬಿತ್ತಿದವನ ಮನೆಯಲ್ಲಿ ಒಂದು ತಿಂಗಳು ತಿಂದು ಮುಗಿಯದಷ್ಟು ಸೊಪ್ಪು, ಮರುತಿಂಗಳು ಶೂನ್ಯ. ಹದಿನೈದು ದಿನಗಳಿಗೊಮ್ಮೆ ಒಂದು ಮಡಿಯ ಕಾಲುಭಾಗಕ್ಕೆ ಹರಿವೆ, ಮೆಂತ್ಯ, ಕೊತ್ತಂಬರಿ ಬಿತ್ತುತ್ತ ಹೋದರೆ ಸೊಪ್ಪು ಎಂದಿಗೂ ತಪ್ಪದು. ಬಸಳೆಯ ಬಳ್ಳಿಯೊಂದನ್ನು ಚಪ್ಪರಕ್ಕೆ ಹಬ್ಬಿಸಿಬಿಟ್ಟರೆ ಅದು ಬಿತ್ತನೆಯನ್ನೇ ಬೇಡದೆ ಕೊಡುತ್ತಿರುವುದು.

ರೋಹಿಣಿ ಮೃಗಶಿರಾ ಮಳೆಗಳಲ್ಲಿ ಬೆಂಡೆ, ಅಲಸಂದೆ, ಹೀರೆ, ಹಾಗಲ, ಸೋರೆ, ಕುಂಬಳಗಳನ್ನು ಊರತಕ್ಕದ್ದು. ಬದನೆ, ಮೆಣಸಿನ ಒಟ್ಲುಗಳನ್ನು ಅದೇ ಕಾಲಕ್ಕೆ ಹಾಕತಕ್ಕದ್ದು. ಮಳೆಯು ಹಿಂದೆಗೆದ ಮೇಲೆ ಟೊಮ್ಯಾಟೊ, ಹುರುಳಿಕಾಯಿ, ಮೂಲಂಗಿ, ಮೆಂತ್ಯಗಳು ಚೆನ್ನಾಗಿ ಬರುವುವು. ಬೇಸಗೆಗೆ ಸೌತೆ, ಬೆಂಡೆ, ಹರಿವೆಗಳು ಯೋಗ್ಯ. ನಾಡ ಅವರೆಯು ಚಳಿಗಾಲದಲ್ಲಿ ಮಾತ್ರ ಹೂ ಬಿಡುವುದಾದರೂ ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಿದ್ಧಪಡಿಸಿದ ಅರ್ಕಾ ಜಯ್, ಅರ್ಕಾ ವಿಜಯ್ ಎಂಬ ಗಿಡ್ಡ ಜಾತಿಯ ಅವರೆಗಳು ಹಗಲಿನ ಉದ್ದಗಿಡ್ಡವನ್ನು ಲೆಕ್ಕಿಸದೆ ಯಾವ ಕಾಲದಲ್ಲಿಯೂ ಕಾಯಿ ಬಿಡುವುವು. ನುಗ್ಗೆಯಲ್ಲಿ ತಮಿಳುನಾಡಿನ ಪೆರಿಯಕುಳಂನ ಪಿ.ಕೆ.ಎಂ.-1 ಜಾತಿಯನ್ನು ಬೀಜದಿಂದಲೇ ಬೆಳೆಸಬಹುದು. ಆರೇಳು ತಿಂಗಳಲ್ಲಿ ಫಲಕ್ಕೆ ಬರುವುದು. ತಾಲ್ಲೂಕಿನಲ್ಲಿಯೇ ಇರುವ ಕತ್ತಲಗೆರೆಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿಯೂ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಬೀಜ ಸಸಿಗಳ ವಿಚಾರವಾಗಿ ಸಲಹೆ ಪಡೆಯಬಹುದು.

ಹಿತ್ತಲ ಬೆಳೆಗೆ ಗದ್ದೆಯ ಔಷಧವನ್ನು ಹೊಡೆಯುವ ಅಭ್ಯಾಸವು ಸರ್ವಥಾ ಕೂಡದು. ಇಂದು ಹೊಡೆದುದನ್ನು ನಾಳೆ ಕೊಯ್ದು ಮಕ್ಕಳಿಗೆ ಬಡಿಸುವುದಾಗುತ್ತದೆ. ಬೇವಿನ ಬೀಜದ ತಿರುಳನ್ನು ಪುಡಿಮಾಡಿ, ಲೀಟರಿಗೆ 50 ಗ್ರಾಂನಂತೆ ನೀರಿನಲ್ಲಿ ರಾತ್ರಿ ನೆನೆಯಿಟ್ಟು, ಬೆಳಿಗ್ಗೆ ಸೋಸಿ ಸ್ವಲ್ಪ ಸಾಬೂನು ಬೆರೆಸಿ ಸಂಜೆಯ ವೇಳೆ ಸಿಂಪಡಿಸಿದರೆ ಹೇನು ಹುಳುಗಳ ಬಾಧೆಯು ಬಹುಮಟ್ಟಿಗೆ ತಗ್ಗುವುದು.

ಸೊಪ್ಪನ್ನು ಬೆಳೆದ ಮಾತ್ರಕ್ಕೆ ರಕ್ತಹೀನತೆಯು ತೊಲಗದು. ತಿನ್ನುವ ಕ್ರಮವೂ ಮುಖ್ಯ. ಪಲ್ಯದ ಮೇಲೆ ನಿಂಬೆಯ ರಸವನ್ನು ಹಿಂಡಿಕೊಂಡರೆ ಸೊಪ್ಪಿನಲ್ಲಿರುವ ಕಬ್ಬಿಣದ ಅಂಶವು ದೇಹಕ್ಕೆ ಹೆಚ್ಚಾಗಿ ಹತ್ತುವುದು; ಊಟದೊಡನೆ ಚಹಾ ಕುಡಿದರೆ ಕಡಮೆಯಾಗಿ ಹತ್ತುವುದು. ನಿಂಬೆಯ ಗಿಡವೊಂದು ಹಿತ್ತಲಲ್ಲಿರಬೇಕಾದುದು ಇದಕ್ಕಾಗಿಯೇ. ಬಸುರಿಯರೂ ಬಾಣಂತಿಯರೂ ವೈದ್ಯರು ಕೊಟ್ಟ ಮಾತ್ರೆಗಳನ್ನು ಬಿಡದೆ ಇದನ್ನು ಅನುಸರಿಸತಕ್ಕದ್ದು.

ಬೇಲಿಯೆಂಬ ಸಂಧಿ

ಕೋಳಿಗೂ ಕೈತೋಟಕ್ಕೂ ಇರುವ ವೈರವು ಬೇಲಿಯಿಲ್ಲದ ವೈರ. ಮಡಿಗಳ ಪಾಲಿಗೆ ಮಾತ್ರ ನಾಲ್ಕೂವರೆ ಅಡಿಯ ಬೇಲಿಯನ್ನು ಹಾಕಿ, ಮರಗಳ ಪಾಲನ್ನು ಕೋಳಿಗಳಿಗೆ ಬಿಟ್ಟುಕೊಟ್ಟರೆ ಎರಡೂ ಒಂದೇ ಹಿತ್ತಲಲ್ಲಿ ಬಾಳುವುವು. ಈ ಸೀಮೆಯಲ್ಲಿ ಬೇಲಿಗೆ ಹಣ ಸುರಿಯಬೇಕಾಗಿಲ್ಲ. ಮುದಿಯಾಗಿ ಕಡಿದ ಅಡಕೆ ಮರದ ದಬ್ಬೆಗಳನ್ನು ಎರಡು ಬೆರಳಿನ ಸಂದಿಯಿಟ್ಟು ನಿಲ್ಲಿಸಿ ಕಟ್ಟಬಹುದು, ನಡುನಡುವೆ ಗೊಬ್ಬರದ ಗಿಡದ ಗೂಟಗಳನ್ನು ನೆಟ್ಟರೆ ಅವು ಚಿಗುರಿ ದಬ್ಬೆಯು ಶಿಥಿಲವಾಗುವ ಹೊತ್ತಿಗೆ ಜೀವಂತ ಬೇಲಿಯಾಗಿ ನಿಲ್ಲುವುವು, ಸೊಪ್ಪು ಗೊಬ್ಬರಕ್ಕಾಗುವುದು. ಹಾರುವ ಕೋಳಿಯ ಒಂದು ಪಕ್ಕದ ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸಿದರೆ ಅದು ಬೇಲಿಯನ್ನು ದಾಟಲಾರದು. ಇದರಿಂದ ಅದಕ್ಕೆ ನೋವಾಗದು.

ಬೇಲಿಗೆ ಒಂದು ಬಾಗಿಲಿರಬೇಕು. ಒಂದು ಮಡಿಯ ಬೆಳೆಯು ಮುಗಿದು ಗಿಡಗಳನ್ನು ಕಿತ್ತ ಮೇಲೆ, ಮುಂದಣ ಬಿತ್ತನೆಗೆ ಮೊದಲು ಹತ್ತು ದಿನ, ಉಳಿದ ಮಡಿಗಳಿಗೆ ತಡಿಕೆಯನ್ನು ಅಡ್ಡಕೊಟ್ಟು ಕೋಳಿಗಳನ್ನು ಆ ಮಡಿಗೆ ಬಿಡತಕ್ಕದ್ದು. ಮಣ್ಣಿನೊಳಗಿನ ಹುಳು, ಗೂಡುಗಟ್ಟಿದ ಕೀಟ, ಕಳೆಯ ಬೀಜ ಎಲ್ಲವನ್ನೂ ಅವು ಹೆಕ್ಕಿ ತಿಂದು ನೆಲವನ್ನು ಕೆದಕಿ ಹದಮಾಡುವುವು. ಬಿತ್ತಿದ ಮೇಲೆ ಶತ್ರುವಾದ ಕೋಳಿಯೇ ಬಿತ್ತುವ ಮುನ್ನ ಆಳಾಗುವುದು.

ಕೋಳಿಯ ಗೊಬ್ಬರವು ಬಹು ತೀಕ್ಷ್ಣವಾದುದು. ಹಸಿಯಾಗಿ ಹಾಕಿದರೆ ಗಿಡವು ಸುಡುವುದು. ಹಸಿ ಗೊಬ್ಬರದಿಂದ ರೋಗಾಣುಗಳು ಸೊಪ್ಪಿಗೆ ಅಂಟುವ ಭಯವೂ ಉಂಟು. ಗೂಡಿನ ಕೆಳಗೆ ಬಿದ್ದುದನ್ನು ಒಣಗಿದ ಎಲೆ, ಭತ್ತದ ಹೊಟ್ಟುಗಳೊಡನೆ ಗುಂಡಿಯಲ್ಲಿ ಮೂರು ತಿಂಗಳು ಕೊಳೆಸಿ ಬಳಸತಕ್ಕದ್ದು.

ಕೋಳಿಯ ಜಾತಿ, ಗೂಡು ಮತ್ತು ಆಹಾರ

ನಾಟಿ ಹೇಂಟೆಯು ವರ್ಷಕ್ಕೆ 50ರಿಂದ 60 ಮೊಟ್ಟೆಗಳನ್ನಿಡುವುದು. ಆದರೆ ಕಾವು ಕೂರುವುದರಲ್ಲಿಯೂ, ಮರಿಗಳನ್ನು ಹದ್ದಿನಿಂದ ಕಾಯುವುದರಲ್ಲಿಯೂ ಅದಕ್ಕೆ ಸಾಟಿಯಿಲ್ಲ. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಸಿದ್ಧವಾಗಿ 1989ರಲ್ಲಿ ರೈತರ ಕೈಸೇರಿದ ಗಿರಿರಾಜ ಕೋಳಿಯು ಬಣ್ಣದ ಗರಿಯುಳ್ಳದ್ದಾಗಿ ಹಿತ್ತಲಲ್ಲಿ ಮೇದು ಬದುಕಬಲ್ಲುದು. ವರ್ಷಕ್ಕೆ 130ರಿಂದ 150 ಮೊಟ್ಟೆಗಳನ್ನು ಕೊಡುವುದು. ಆದರೆ ಅದು ಕಾವಿಗೆ ಕೂರುವುದಿಲ್ಲ. ಅದರ ಮೊಟ್ಟೆಯಿಂದ ಮನೆಯಲ್ಲಿ ಎಬ್ಬಿಸಿದ ಮರಿಗಳಲ್ಲಿ ತಾಯಿಯ ಗುಣವು ಪೂರ್ಣವಾಗಿ ಉಳಿಯುವುದೂ ಇಲ್ಲ. ಆದಕಾರಣ ಮೊಟ್ಟೆಗಾಗಿ ನಾಲ್ಕು ಗಿರಿರಾಜ ಹೇಂಟೆಗಳೂ, ಮರಿಗಾಗಿ ಎರಡು ನಾಟಿ ಹೇಂಟೆಗಳೂ ಒಂದು ನಾಟಿ ಹುಂಜವೂ ಇದ್ದರೆ ಒಂದು ಸಂಸಾರಕ್ಕೆ ಯೋಗ್ಯವಾದ ಹಿಂಡಾಯಿತು. ನಾಲ್ಕು ಗಿರಿರಾಜ ಕೋಳಿಗಳಿಂದಲೇ ವಾರಕ್ಕೆ ಸರಾಸರಿ ಹತ್ತು ಮೊಟ್ಟೆಗಳಾಗುವುವು.

ಕಾವಿಗೆ ಕೂರಿಸುವಾಗ ಹತ್ತು ಹನ್ನೆರಡು ಹೊಸ ಮೊಟ್ಟೆಗಳಿಗಿಂತ ಹೆಚ್ಚಾಗಿ ಇಡಕೂಡದು. ಏಳನೆಯ ರಾತ್ರಿ ಮೊಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಜೀವವುಳ್ಳದ್ದರಲ್ಲಿ ಜೇಡರ ಬಲೆಯಂತೆ ಕೆಂಪು ನರಗಳು ಕಾಣುವುವು. ಬರಿದಾಗಿ ಹೊಳೆಯುವುವನ್ನು ತೆಗೆದುಬಿಡತಕ್ಕದ್ದು. ಇಪ್ಪತ್ತೊಂದನೆಯ ದಿನ ಮರಿಗಳು ಹೊರಬರುವುವು. ಮೊದಲ ಒಂದು ತಿಂಗಳಲ್ಲಿ ಹದ್ದು, ಕಾಗೆ, ಮುಂಗುಸಿ, ಬೆಕ್ಕುಗಳ ಪಾಲಾಗುವ ಮರಿಗಳೇ ಹೆಚ್ಚು. ಹಗಲಿನಲ್ಲಿ ತಾಯಿಯೊಡನೆ ದೊಡ್ಡ ಬಿದಿರು ಕುಕ್ಕೆಯ ಕೆಳಗಿಟ್ಟು, ನುಚ್ಚು, ರಾಗಿ ಮತ್ತು ಶುದ್ಧವಾದ ನೀರನ್ನು ಕೊಡುತ್ತ ನಾಲ್ಕು ವಾರ ಕಳೆದರೆ ಮರಿಗಳಲ್ಲಿ ಬಹುಪಾಲು ಉಳಿಯುವುವು. ಹಳೆಯ ಮಡಕೆಯಲ್ಲಿ ಹುಲ್ಲು ಸಗಣಿಗಳನ್ನು ತುಂಬಿ ಹುತ್ತದ ಬಳಿ ಬೋರಲು ಹಾಕಿಟ್ಟು, ಮರುದಿನ ಅದರಲ್ಲಿ ಸೇರಿದ ಗೆದ್ದಲನ್ನು ಮರಿಗಳಿಗೆ ಉದುರಿಸುವ ಹಳೆಯ ರೂಢಿಯು ಬಹು ಒಳ್ಳೆಯದು. ಬೆಳೆಯುವ ಮರಿಗೆ ಬೇಕಾದ ಮಾಂಸಪೋಷಕವು ಖರ್ಚಿಲ್ಲದೆ ದೊರೆಯುವುದು.

ರಾತ್ರಿಯ ಗೂಡು ನೆಲದಿಂದ ಎರಡು ಅಡಿ ಎತ್ತರದಲ್ಲಿರಬೇಕು. ಕೋಳಿಯೊಂದಕ್ಕೆ ಒಂದೂವರೆ ಚದರ ಅಡಿಯಂತೆ ಸ್ಥಳವಿರಬೇಕು. ಗಾಳಿಯಾಡಬೇಕು, ಇರಚಲು ಹೊಡೆಯಕೂಡದು. ಹಗಲು ಮೇದು ಬಂದ ಕೋಳಿಗೆ ಸಂಜೆ ಒಂದು ಹಿಡಿ, ಎಂದರೆ 30ರಿಂದ 50 ಗ್ರಾಂ, ಒಡೆದ ಮೆಕ್ಕೆಜೋಳ, ನುಚ್ಚು, ತೌಡುಗಳ ಮಿಶ್ರಣವು ಸಾಕು. ಮೊಟ್ಟೆಯ ಚಿಪ್ಪು ತೆಳುವಾದರೆ ಕಪ್ಪೆಚಿಪ್ಪಿನ ಪುಡಿಯನ್ನು ಕೊಡತಕ್ಕದ್ದು.

ಇಲ್ಲಿ ಎರಡು ಎಚ್ಚರಿಕೆಗಳು ಆವಶ್ಯಕವು. ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ‘ಕೋಳಿಗಾದರೂ ಆಗಲಿ’ ಎಂದು ಹಾಕುವವರುಂಟು. ಆ ಬೂಷ್ಟಿನಲ್ಲಿ ಹುಟ್ಟುವ ವಿಷವು ಕೋಳಿಯ ಪಿತ್ತಕೋಶವನ್ನು ಕೆಡಿಸಿ ಕೊಲ್ಲುವುದು. ತೊಳೆದರೂ ಬೇಯಿಸಿದರೂ ಅದು ಹೋಗದು. ಎರಡನೆಯದು, ಬೀಜೋಪಚಾರ ಮಾಡಿ ಉಳಿದ ಬಿತ್ತನೆ ಭತ್ತ ಮತ್ತು ಗದ್ದೆಗೆ ಎರಚುವ ಹರಳು ಔಷಧ. ಇವುಗಳ ಚೀಲವನ್ನು ಅಂಗಳದಲ್ಲಿ ಕೊಡವಿದರೆ ಸಂಜೆಯೊಳಗೆ ಹಿಂಡೇ ನಾಶವಾಗಬಹುದು.

ಕೊಕ್ಕರೆ ರೋಗವು ಊರಿನ ಕೆಲಸ

ಮೇಲೆ ಹೇಳಿದುದೆಲ್ಲವನ್ನೂ ಒಬ್ಬ ಗೃಹಸ್ಥನು ತನ್ನ ಬೇಲಿಯೊಳಗೆ ತಾನೇ ಮಾಡಿಕೊಳ್ಳಬಲ್ಲನು. ಇನ್ನು ಹೇಳುವುದನ್ನು ಮಾಡಲಾರನು.

ಕೊಕ್ಕರೆ ರೋಗಕ್ಕೆ ರಾಣಿಖೇತ್ ರೋಗವೆಂದೂ ಹೆಸರು. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿಯೂ ಕಾಣಿಸಿಕೊಂಡ ಈ ರೋಗವನ್ನು 1927ರಲ್ಲಿ ಕುಮಾವೂಂ ಬೆಟ್ಟಸೀಮೆಯ ರಾಣಿಖೇತಿನಲ್ಲಿ ಗುರುತಿಸಲಾಯಿತು. ರೋಗ ತಗುಲಿದ ಕೋಳಿಯು ಮಂಕಾಗಿ, ಬಾಯ್ತೆರೆದು ಉಸಿರೆಳೆಯುತ್ತ, ಹಸುರುಬಿಳಿಯಾಗಿ ಭೇದಿ ಮಾಡುವುದು. ಕತ್ತು ತಿರುಚುವುದು, ಕಾಲು ರೆಕ್ಕೆಗಳು ಬೀಳುವುವು. ಲಸಿಕೆಯಿಲ್ಲದ ಹಿಂಡಿಗೆ ಹೊಕ್ಕರೆ ಹತ್ತರಲ್ಲಿ ಒಂದು ಉಳಿಯುವುದೂ ಕಷ್ಟ. ರೋಗ ಬಂದ ಮೇಲೆ ಔಷಧವಿಲ್ಲ. ಬಾರದಂತೆ ತಡೆಯುವ ಲಸಿಕೆಯು ಮಾತ್ರ ಉಂಟು, ಮತ್ತು ಅದು ಬಹು ಅಗ್ಗವಾದುದು. ಹುಟ್ಟಿದ ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೋ ಮೂಗಿಗೋ ಒಂದು ತೊಟ್ಟು ಲಸೋಟ ಲಸಿಕೆ. ನಾಲ್ಕನೆಯ ವಾರದಲ್ಲಿ ಮತ್ತೊಮ್ಮೆ. ಎಂಟನೆಯ ವಾರದಲ್ಲಿ ರೆಕ್ಕೆಯ ಕೆಳಗೆ ಚರ್ಮದಡಿಯಲ್ಲಿ ಆರ್.2.ಬಿ. ಎಂಬ ಚುಚ್ಚುಮದ್ದು, ಆಮೇಲೆ ಪಶುವೈದ್ಯರ ಸಲಹೆಯಂತೆ ಕಾಲಕಾಲಕ್ಕೆ. ಆರು ವಾರಕ್ಕಿಂತ ಚಿಕ್ಕ ಮರಿಗೆ ಆರ್.2.ಬಿ. ಕೊಡಕೂಡದು, ರೋಗವಿದ್ದ ಕೋಳಿಗೆ ಯಾವ ಲಸಿಕೆಯನ್ನೂ ಹಾಕಕೂಡದು.

ಲಸಿಕೆಯು ಇಷ್ಟು ಸುಲಭವಾಗಿದ್ದರೂ ಹಳ್ಳಿಯ ಕೋಳಿಗಳು ಸಾಯುವುದೇಕೆ? ಕಾರಣವು ಸೀಸೆಯಲ್ಲಿದೆ. ಲಸಿಕೆಯ ಒಂದು ಸೀಸೆಯಲ್ಲಿ ಸಾಮಾನ್ಯವಾಗಿ ನೂರು ಕೋಳಿಗಳಿಗೆ ಆಗುವಷ್ಟು ಮದ್ದಿರುತ್ತದೆ. ಅದನ್ನು ಮಂಜುಗಡ್ಡೆಯಲ್ಲಿಯೇ ತರಬೇಕು, ಕರಗಿಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಉಳಿದುದು ನಿರುಪಯೋಗ. ಏಳು ಕೋಳಿಗಳುಳ್ಳ ಮನೆಯವಳು ಒಂದು ಸೀಸೆಯನ್ನು ಒಡೆಯಲಾರಳು. ಏಳು ಕೋಳಿಗಾಗಿ ಪಶುವೈದ್ಯರು ಬರಲಾರರು. ಹದಿನೈದು ಮನೆಗಳು ಕೂಡಿ ಒಂದು ಬೆಳಿಗ್ಗೆಯನ್ನು ಗೊತ್ತುಮಾಡಿದರೆ ಒಂದೇ ಸೀಸೆಯಲ್ಲಿ ಎಲ್ಲರ ಕೆಲಸವೂ ಆಗುವುದು. ಕೋಳಿಗಳನ್ನು ಹಗಲು ಹಿಡಿಯುವುದು ದುಸ್ತರವಾದುದರಿಂದ ಗೂಡಿನಿಂದ ಬಿಡುವ ಮೊದಲೇ, ಎಂದರೆ ಬೆಳಕು ಹರಿಯುವ ಹೊತ್ತಿಗೇ, ಈ ಕೆಲಸವನ್ನು ಆರಂಭಿಸತಕ್ಕದ್ದು.

ಆಫ್ರಿಕಾ ಖಂಡದ ಮೊಜಾಂಬಿಕ್, ಟಾಂಜಾನಿಯಾ ದೇಶಗಳ ಹಳ್ಳಿಗಳಲ್ಲಿ ಇದೇ ಉಪಾಯದಿಂದ ಬಹು ಲಾಭವಾಗಿದೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದಲ್ಲಿ ಸಿದ್ಧವಾದ, ಸೆಕೆಯನ್ನು ಸ್ವಲ್ಪಮಟ್ಟಿಗೆ ತಾಳಬಲ್ಲ ಲಸಿಕೆಯನ್ನು ಊರಿನವರೇ, ಅವರಲ್ಲಿ ಸ್ತ್ರೀಯರೂ, ಕಲಿತು ನಾಲ್ಕು ತಿಂಗಳಿಗೊಮ್ಮೆ ಗೊತ್ತಾದ ತಿಂಗಳಲ್ಲಿ ಮನೆಮನೆಗೂ ಹೋಗಿ ಕೋಳಿಗಳ ಕಣ್ಣಿಗೆ ತೊಟ್ಟಿಕ್ಕುತ್ತಾರೆ. ಅಲ್ಲಿಯೂ ಲಸಿಕೆಗಿಂತ ಹೆಚ್ಚಾಗಿ ಕೆಲಸ ಮಾಡಿದುದು ಗೊತ್ತಾದ ದಿನ.

ರೋಗವನ್ನು ಊರಿನಿಂದ ಊರಿಗೆ ಒಯ್ಯುವವರು ಮನುಷ್ಯರೇ ಎಂಬುದನ್ನೂ ಮರೆಯಕೂಡದು. ಗೂಡಿನಲ್ಲಿ ಒಂದು ಸತ್ತೊಡನೆ ಉಳಿದುವನ್ನು ಸಂತೆಗೆ ಒಯ್ದು ಮಾರುವ ದುರಭ್ಯಾಸವು ಎಲ್ಲೆಡೆಯಲ್ಲಿಯೂ ಉಂಟು. ಜಾತ್ರೆಗೆಂದು ನೆಂಟರು ತಂದ ಕೋಳಿಯೊಡನೆಯೂ ರೋಗವು ಬರುವುದು. ಆದಕಾರಣ ಹೊರಗಿನಿಂದ ತಂದ ಕೋಳಿಯನ್ನು ಹದಿನೈದು ದಿನ ಪ್ರತ್ಯೇಕವಾಗಿಡತಕ್ಕದ್ದು. ಸತ್ತುದನ್ನು ನಾಲೆಗೂ ತಿಪ್ಪೆಗೂ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳತಕ್ಕದ್ದು. ಒಮ್ಮೆಗೇ ಬಹಳ ಕೋಳಿಗಳಾಗಲಿ ಕಾಗೆ ಕೊಕ್ಕರೆಗಳಾಗಲಿ ಸತ್ತರೆ ಬರಿಗೈಯಿಂದ ಮುಟ್ಟದೆ ತತ್‌ಕ್ಷಣವೇ ಪಶುವೈದ್ಯಾಲಯಕ್ಕೆ ತಿಳಿಸತಕ್ಕದ್ದು. 2020ರ ಮಾರ್ಚಿಯಲ್ಲಿ ಇದೇ ಜಿಲ್ಲೆಯ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿ ಹಕ್ಕಿಜ್ವರವು ಕಾಣಿಸಿಕೊಂಡುದು ಅನೇಕರ ನೆನಪಿನಲ್ಲಿರಬಹುದು.

ಊರ ಮುಖಂಡರ ಹೊಣೆ

ಈ ಸೀಮೆಯ ಭೂಮಾಲಿಕರಲ್ಲಿ ಕೋಳಿಯನ್ನು ಸಾಕದ, ಮೊಟ್ಟೆಯನ್ನು ಮುಟ್ಟದ ಮನೆತನಗಳು ಅನೇಕ. ಅವರ ಆಚಾರವನ್ನು ಬದಲಾಯಿಸುವುದು ಈ ಲೇಖನದ ಉದ್ದೇಶವಲ್ಲ. ಹಿತ್ತಲ ಸೊಪ್ಪೂ ನುಗ್ಗೆಯೂ ಅವರಿಗೂ ಅಷ್ಟೇ ಹಿತ. ಆದರೆ ಊರಿನ ಕೋಳಿಗಳು ಯಾರವೆಂದು ವಿಚಾರಿಸಿದರೆ ಅವುಗಳಲ್ಲಿ ಹೆಚ್ಚಿನವು ಊರಂಚಿನ ಸಣ್ಣ ಮನೆಗಳವು ಎಂದು ತಿಳಿಯುವುದು. ನಾಟಿಗೂ ಕೊಯ್ಲಿಗೂ ಅಡಕೆ ಸುಲಿಯುವುದಕ್ಕೂ ಬರುವ ಸ್ತ್ರೀಯರ, ಗಂಡನಿಲ್ಲದ ಮುದುಕಿಯರ ಕೋಳಿಗಳು ಅವು. ಹುಡುಗನ ಪುಸ್ತಕಕ್ಕೋ ಬಾಣಂತಿಯ ಔಷಧಕ್ಕೋ ಯಾರನ್ನೂ ಕೇಳದೆ ಆ ಹೆಂಗಸು ಕೈಹಾಕಬಲ್ಲ ಹಣವು ಗೂಡಿನಲ್ಲಿರುವ ಆ ಐದಾರು ಕೋಳಿಗಳೇ. ಭತ್ತದ ಬೆಳೆ ಹೋದರೆ ಲೆಕ್ಕ ಬರೆಯುವವರಿದ್ದಾರೆ. ಆ ಗೂಡು ಖಾಲಿಯಾದುದನ್ನು ಯಾವ ಲೆಕ್ಕದಲ್ಲಿಯೂ ಬರೆಯುವುದಿಲ್ಲ.

ಅವಳ ಮಾತಿಗೆ ಹದಿನೈದು ಮನೆಯವರು ಕೂಡಲಾರರು. ಊರ ಮುಖಂಡರ ಮಾತಿಗೆ ಕೂಡುವರು. ಅವರು ಮಾಡಬೇಕಾದುದು ಇಷ್ಟೇ: ಬೇಸಗೆಗೆ ಮೊದಲು ಒಂದು, ಚಳಿಗಾಲಕ್ಕೆ ಮೊದಲು ಒಂದು, ಹೀಗೆ ವರ್ಷಕ್ಕೆ ಕಡೆಯಪಕ್ಷ ಎರಡು ದಿನಗಳನ್ನು ಹತ್ತಿರದ ಪಶುವೈದ್ಯರೊಡನೆ ಮಾತಾಡಿ ಗೊತ್ತುಮಾಡುವುದು, ಸ್ವಸಹಾಯ ಸಂಘಗಳ ಸ್ತ್ರೀಯರಿಂದ ಮನೆಮನೆಯ ಕೋಳಿಗಳನ್ನು ಎಣಿಸಿ ಸೀಸೆಗಳ ಲೆಕ್ಕವನ್ನು ಮುಂದಾಗಿ ತಿಳಿಸುವುದು, ಹಿಂದಿನ ಸಂಜೆ ಕೋಳಿಗಳನ್ನು ಮುಚ್ಚಿಡುವಂತೆ ಸಾರಿಸುವುದು, ಬೆಳಿಗ್ಗೆ ತಾವೂ ಒಂದು ಗಳಿಗೆ ನಿಲ್ಲುವುದು. ನಡುವೆ ಹುಟ್ಟಿದ ಮರಿಗಳಿಗೆ ತೊಟ್ಟು ಲಸಿಕೆ ಹಾಕಲು ಊರಿನ ಒಬ್ಬಿಬ್ಬರು ಸ್ತ್ರೀಯರು ಪಶುವೈದ್ಯರಿಂದ ಕಲಿತುಕೊಂಡರೆ ಇನ್ನೂ ಉತ್ತಮ. ತಾವು ಕೋಳಿ ಸಾಕದವರಾದರೂ ಈ ಕೆಲಸವು ಮುಖಂಡರಿಗೆ ಹೊರತಾದುದಲ್ಲ. ಕೆರೆಯ ಹೂಳೆತ್ತಿಸುವುದು ಮೀನು ತಿನ್ನುವವರ ಕೆಲಸ ಮಾತ್ರವೆಂದು ಯಾರೂ ಎನ್ನುವುದಿಲ್ಲವಷ್ಟೆ.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಹತ್ತಿರದ ವಸ್ತುವನ್ನು ಕಡೆಗಣಿಸುವ ಮನುಷ್ಯ ಸ್ವಭಾವವನ್ನು ಹೇಳುವುದು. ಈ ಮುಂಗಾರಿಗೆ ಸ್ಥಿತಿವಂತರ ಮನೆಯೊಂದು ಎರಡು ಗುಂಟೆಯನ್ನು ಅಡಕೆಯಿಂದ ಬಿಡಿಸಿಕೊಂಡು, ದಬ್ಬೆಯ ಬೇಲಿ ಕಟ್ಟಿ, ಒಂದು ಮಡಿ ಹರಿವೆಯನ್ನು ಬಿತ್ತಲಿ. ಇಪ್ಪತ್ತೈದು ಮೂವತ್ತು ದಿನಗಳಲ್ಲಿ ಅದು ಕೊಯ್ಲಿಗೆ ಬರುವುದು; ನೆರೆಹೊರೆಯವರು ಬೀಜ ಕೇಳಲು ಬರುವರು. ಅಂದೇ ಅವರೊಡನೆ ಲಸಿಕೆಯ ದಿನವನ್ನೂ ಗೊತ್ತುಮಾಡಬಹುದು.